ಆಮೆ ಬಾಯಿ ತೆರೆಯಿತು

ನಮ್ಮೂರಿನಲ್ಲಿ ಕೂತು ಆಡಿದ ಮಾತು ಸೂರ್ಯ ಮುಳುಗುವವರೆಗೆ ಮಾತ್ರ ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಕೇಳಿದವರ ತಲೆಯಿಂದ ಅದು ಇಳಿದುಹೋಗಿರುತ್ತದೆ. ಆಡಿದವರಿಗೆ ನೆನಪಿರುತ್ತದೆ, ಕೇಳಿದವರಿಗಿಲ್ಲ. ಹಾಗಾಗಿ ನಮ್ಮಲ್ಲಿ ಜಗಳಗಳೆಲ್ಲ ಕೂತೇ ನಡೆಯುತ್ತವೆ. ಅತ್ತೆ ಸೊಸೆಯರು ಎದುರುಬದುರು ಚಾಪೆ ಹಾಕಿಕೊಂಡು ಹೊಟ್ಟೆ ತುಂಬ ಬೈದಾಡಿ, ಸಂಜೆ ಒಟ್ಟಿಗೆ ಕಾಫಿ ಕುಡಿಯುತ್ತಾರೆ. ಇಬ್ಬರಿಗೂ ತಾನು ಬೈದದ್ದಷ್ಟೇ ಗೊತ್ತಿರುವುದರಿಂದ ಆ ಕಾಫಿಗೆ ಸಕ್ಕರೆ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಉಳಿಯಬೇಕಾದ ಮಾತನ್ನು ನಿಂತು ಆಡಬೇಕು. ಮೇಷ್ಟ್ರುಗಳು ನಿಂತು ಪಾಠ ಮಾಡುತ್ತಾರೆ, ಸಾಕ್ಷಿಗಳು ನಿಂತು ಸಾಕ್ಷಿ ಹೇಳುತ್ತಾರೆ, ಗುಮಾಸ್ತರು ಎದೆಯೆತ್ತರದ ಮೇಜಿನ ಮುಂದೆ ನಿಂತು ಬರೆಯುತ್ತಾರೆ. ಕೂತು ಬರೆದದ್ದನ್ನು ಮರುದಿನ ಓದಿದರೆ ಯಾರೋ ಗುರುತಿಲ್ಲದವರ ಸಮಾಚಾರದಂತೆ ಕಾಣುತ್ತದೆ.

ನಿಂತು ಮಾತಾಡುತ್ತಿರುವವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮಾತು ಒಡೆಯುತ್ತದೆ, ಕೂತ ಮಾತಿನ ಹಾಗೆಯೇ ಸಂಜೆಗೆ ಹೋಗಿಬಿಡುತ್ತದೆ. ನಮ್ಮ ಚಿಕ್ಕಮ್ಮ ಮದುವೆಮನೆಯಲ್ಲಿ ನಿಂತು "ಒಪ್ಪಿದ್ದೇನೆ" ಅನ್ನುವಾಗ ಯಾರೋ ಅವಳ ಹೆಗಲ ಮೇಲಿದ್ದ ಜಿರಳೆಯನ್ನು ಕೊಡವಿದರಂತೆ. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ, "ಎಲ್ಲಾ ಸರಿ, ಆದ್ರೆ ಇವರು ಒಪ್ಪಿದ್ದು ಯಾವಾಗ?" ಎಂದು ಕೇಳಿ, ಪುರೋಹಿತರನ್ನು ಮತ್ತೆ ಕರೆಸಬೇಕಾಯಿತು.

ನನಗೆ ನಿಲ್ಲಲಾಗುವುದಿಲ್ಲ.

ಮೊದಲು ಆಗುತ್ತಿತ್ತು. ಕಾಲೇಜಿನ ಕೊನೆಯ ವರ್ಷ ಒಂದು ಜ್ವರ ಬಂದು ಹೋಯಿತು, ಹೋಗುವಾಗ ಏನನ್ನೋ ಜೊತೆಗೆ ತೆಗೆದುಕೊಂಡು ಹೋಯಿತು. ಆಮೇಲಿಂದ ನಾನು ಎದ್ದು ನಿಂತರೆ ಎದೆಯೊಳಗೆ ಅಳಿಲೊಂದು ದಿಕ್ಕೆಟ್ಟು ಓಡತೊಡಗುತ್ತದೆ. ಕೈ ನಡುಗುತ್ತದೆ, ಕಾಲು ಸೀಸದಂತೆ ಭಾರವಾಗಿ ಪಾದಗಳು ಕೆನ್ನೀಲಿಯಾಗುತ್ತವೆ, ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯುತ್ತದೆ, ಕಣ್ಣಿನ ಅಂಚಿನಿಂದ ಕಪ್ಪು ಹತ್ತಿಕೊಂಡು ಬರುತ್ತದೆ. ಮಲಗಿದರೆ ಸ್ವಲ್ಪ ಹೊತ್ತಿನಲ್ಲಿ ಏನೂ ಆಗಿಯೇ ಇಲ್ಲ ಎನ್ನುವ ಹಾಗೆ ಎಲ್ಲ ಅಡಗುತ್ತದೆ. ಒಮ್ಮೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ, "ನಮ್ಮ ಮನೆಗೆ ಬರಬೇಕಾದ ಗೋಧಿ" ಎಂದು ನಿಂತು ಶುರು ಮಾಡಿದವಳು ಹಾಗೆಯೇ ಬಿದ್ದೆ. ಮಾತು ಮುಗಿಯದೆ ಇದ್ದುದರಿಂದ ಯಾರೂ ಹಿಡಿಯಲಿಲ್ಲ. ಹಿಂದೆ ನಿಂತಿದ್ದ ಹೆಂಗಸು ಆಮೇಲೆ ಬಹಳ ಮರ್ಯಾದೆಯಿಂದ, "ಗೋಧಿ ಬೇಕೋ ಬೇಡವೋ ಅಂತ ಹೇಳಿ ಬೀಳಬಾರದಾಗಿತ್ತೇನಮ್ಮ, ಹಿಡ್ಕೋತಿದ್ದೆ" ಅಂದಳು.

ಕೇಳಿದ್ದು ಹೋಗುತ್ತದೆ, ನೋಡಿದ್ದು ಉಳಿಯುತ್ತದೆ. ನನ್ನ ಪಾಡು ಇಷ್ಟೇ. ಅಮ್ಮನಿಗೆ ನಾನು ಕೂತೋ ಮಲಗಿಯೋ ಎಲ್ಲವನ್ನೂ ಹೇಳುತ್ತಿದ್ದೆ. ಅವಳು ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು. ದೀಪ ಹಚ್ಚಿದ ಮೇಲೆ ಅವಳಲ್ಲಿ ಉಳಿಯುತ್ತಿದ್ದದ್ದು ಹಗಲು ಹೊತ್ತು ಚಾಪೆ ಬಿಟ್ಟು ಏಳದ ಮಗಳ ಚಿತ್ರವೊಂದೇ. ಅಮ್ಮ ಶಾಲೆಯಲ್ಲಿ ಗಣಿತ ಹೇಳುತ್ತಾಳೆ. ಬೆಳಗಿನಿಂದ ಸಂಜೆವರೆಗೆ ನಿಂತೇ ಇದ್ದು, ಮೊಣಕಾಲಿನ ಕೆಳಗೆ ನರಗಳು ಹಗ್ಗದ ಹಾಗೆ ಉಬ್ಬಿವೆ.

"ನಿಂತ್ರೆ ಸುಸ್ತಾಗುತ್ತೆ ಅಂತೀಯಲ್ಲೇ ಚಂಪಾ, ನಂಗಾಗಲ್ವಾ? ನನ್ ಕಾಲ್ ನೋಡು. ಯಾರಿಗಾಗಲ್ಲ ಹೇಳು ಈ ಊರಲ್ಲಿ?"

"ಸುಸ್ತಲ್ಲಮ್ಮ. ಬೇರೆ."

"ಏನ್ ಬೇರೆ?"

ಮತ್ತೆ ಮೊದಲಿನಿಂದ ಹೇಳಬೇಕಿತ್ತು. ನಿನ್ನೆ ಹೇಳಿದ್ದೆ, ಮೊನ್ನೆ ಹೇಳಿದ್ದೆ. ಅಮ್ಮನಿಗೆ ಪ್ರತಿ ದಿನವೂ ಅದು ಹೊಸ ಸುದ್ದಿ, ಹೊಸ ಸುದ್ದಿಯಾದ್ದರಿಂದ ಅಷ್ಟೇನೂ ಗಂಭೀರವಲ್ಲದ ಸುದ್ದಿ. "ಒಂದೆರಡು ದಿನ ನೋಡೋಣ ಬಿಡು," ಅನ್ನುತ್ತಿದ್ದಳು. ಆ ಒಂದೆರಡು ದಿನ ಎರಡು ವರ್ಷವಾಯಿತು.

ನನ್ನನ್ನು ಬೆಳೆಸಿದ್ದು ಅಜ್ಜಿಯ ಕಥೆಗಳು. ಅಜ್ಜಿ, ಅಂದರೆ ಅಮ್ಮನ ತಾಯಿ, ತಾಯಕ್ಕ, ಮಧ್ಯಾಹ್ನ ಊಟವಾದ ಮೇಲೆ ಒಂದು ದೊಡ್ಡ ಚೆಂಬು ನೀರನ್ನು ಗಟಗಟ ಕುಡಿದು, ಡಬ್ಬಿಯಿಂದ ಕಲ್ಲುಪ್ಪಿನ ಹರಳೊಂದನ್ನು ತೆಗೆದು ದವಡೆಗೆ ಇಟ್ಟುಕೊಂಡು, ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಕಥೆ ಉಳಿಯಬೇಕಲ್ಲ, ಅದಕ್ಕೆ ನಿಂತೇ ಹೇಳಬೇಕು. ಒಂದು ಕಾಲಿಗೆ ಇನ್ನೊಂದು ಕಾಲನ್ನು ಹೆಣೆದುಕೊಂಡು ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದಳು. ಆಗಾಗ ಹಿಮ್ಮಡಿ ಎತ್ತಿ ಎತ್ತಿ ಕುಣಿಯುತ್ತಿದ್ದಳು, ಮುಷ್ಟಿ ಬಿಗಿ ಹಿಡಿದು ಬಿಡುತ್ತಿದ್ದಳು. ಅದೆಲ್ಲ ಕಥೆಯ ಹಾವಭಾವ ಎಂದು ನಾವು ಮಕ್ಕಳೆಲ್ಲ ಅವಳ ಹಾಗೆಯೇ ಕುಣಿದು ನಗುತ್ತಿದ್ದೆವು. ರಾಕ್ಷಸ ಬಾಗಿಲು ತಟ್ಟುವ ಹೊತ್ತಿಗೋ ರಾಜಕುಮಾರಿ ಬಾವಿಗೆ ಇಣುಕುವ ಹೊತ್ತಿಗೋ ಅಜ್ಜಿಯ ಮುಖ ಬಿಳಿಚಿಕೊಳ್ಳುತ್ತಿತ್ತು. ಕಂಬಕ್ಕೆ ಒರಗಿದ್ದ ಹಾಗೆಯೇ ಜಾರಿ ನೆಲಕ್ಕೆ ಕೂತು, ಉಳಿದದ್ದನ್ನು ಕೂತೇ ಹೇಳಿ ಮುಗಿಸುತ್ತಿದ್ದಳು. ಅಂಥ ಕಡೆಗಳಲ್ಲಿ ಉಸಿರು ಬಿಗಿ ಹಿಡಿದು ಕೇಳಿದ್ದು ನೆನಪಿದೆ. ಏನು ಕೇಳಿದೆ ಎಂಬುದಿಲ್ಲ. ಕೂತ ಮಾತಲ್ಲವೇ, ಸಂಜೆಗೆ ಹೋಯಿತು. ಅಜ್ಜಿಯೂ ಹೋಗಿ ನಾಲ್ಕು ವರ್ಷವಾಯಿತು. ನನ್ನ ತಲೆಯ ತುಂಬ ಅರ್ಧರ್ಧ ಕಥೆಗಳಿವೆ.

ಅದರಲ್ಲಿ ಒಂದು, ಅಳಿಲಿನದು. ಒಬ್ಬ ಹುಡುಗಿ ಹಳ್ಳದ ನೀರು ಕುಡಿಯುವಾಗ ಮೇಲಿನ ಕೊಂಬೆಯ ಅಳಿಲಿನ ನೆರಳನ್ನೂ ಕುಡಿದುಬಿಟ್ಟಳು. ಆಮೇಲೆ ಅವಳು ಎದ್ದು ನಿಂತಾಗಲೆಲ್ಲ ಎದೆಯೊಳಗೆ ಆ ಅಳಿಲು ಓಡುತ್ತದೆ. ಇದನ್ನು ಸುಮ್ಮನಾಗಿಸುವುದು ಹೇಗೆ ಎಂದು ಕೇಳುತ್ತ ಕಾಡಿಗೆ ಹೋದಳು. ಆನೆ, ಹೆಚ್ಚು ತಿನ್ನು ಅಂದಿತು. ಜಿಂಕೆ, ಹೆಚ್ಚು ಓಡು ಅಂದಿತು. ಗೂಬೆ, ನಿನ್ನ ಭ್ರಮೆ ಅಂದಿತು. ಕೊನೆಗೆ ಆಮೆಯ ಹತ್ತಿರ ಬಂದಳು. ಆಮೆ ನಿಧಾನವಾಗಿ ಚಿಪ್ಪಿನಿಂದ ಕತ್ತು ಹೊರಗೆ ಹಾಕಿತು. ಬಾಯಿ ತೆರೆಯಿತು. ಅಲ್ಲಿಗೆ ಅಜ್ಜಿ ಜಾರಿ ಕೂತಳು. ಆಮೆ ಏನು ಹೇಳಿತು ಎಂಬುದು ನನಗೆ ಗೊತ್ತಿಲ್ಲ.

ನನ್ನ ಆನೆ, ಜಿಂಕೆ, ಗೂಬೆಗಳಿಗೂ ಕೊರತೆಯಿರಲಿಲ್ಲ. "ರಕ್ತ ಕಮ್ಮಿ, ಬೀಟ್‌ರೂಟ್ ತಿನ್ನು" ಅಂದರು ಒಬ್ಬರು. "ಬೆಳಿಗ್ಗೆ ಎದ್ದು ಓಡು, ಮೈ ಗಟ್ಟಿಯಾಗುತ್ತೆ" ಅಂದರು ಇನ್ನೊಬ್ಬರು. ಪಕ್ಕದ ಮನೆಯ ಗೌರತ್ತೆ ಚಾಪೆಯ ಮೇಲೆ ಕಾಲು ಚಾಚಿ ಕೂತು, "ಮದ್ವೆ ಮಾಡ್ಕೋ, ಎಲ್ಲಾ ಸರಿಹೋಗುತ್ತೆ" ಅಂದಳು. "ಮದ್ವೇಲಿ ನಿಂತ್ಕೋಬೇಕಲ್ಲ ಗೌರತ್ತೆ" ಅಂದೆ. "ಒಂದೇ ಮಾತಲ್ವೇನೇ, 'ಒಪ್ಪಿದ್ದೇನೆ' ಅಂದು ಧೊಪ್ ಅಂತ ಬೀಳು. ಹೇಗಿದ್ರೂ ಗಂಡನ ಕಾಲಿಗೆ ಬಿದ್ದ ಹಾಗಾಗುತ್ತೆ." ಇದನ್ನು ಅವಳು ಕೂತೇ ಹೇಳಿದ್ದರಿಂದ ಸಂಜೆಗೆ ನಾನು ಮರೆತಿದ್ದೆ. ಆದರೆ ತನ್ನ ಮಾತಿಗೆ ತಾನೇ ಖುಷಿಪಟ್ಟು ಅವಳು ಮತ್ತೊಂದು ದಿನ ಬಾಗಿಲಲ್ಲಿ ನಿಂತುಕೊಂಡು ಹೇಳಿ ಹೋದಳು, ಹಾಗಾಗಿ ಉಳಿದುಬಿಟ್ಟಿದೆ.

ಹಾರ್ಮೋನಿನ ವಿಷಯ ನನಗೆ ಸಿಕ್ಕಿದ್ದು ಹೊರಗಿನ ಊರಿಂದ ಬರುವ ವಾರಪತ್ರಿಕೆಯ ಆರೋಗ್ಯದ ಪುಟದಲ್ಲಿ. ಕತ್ತಿನಲ್ಲೊಂದು ಗ್ರಂಥಿ, ಮೂತ್ರಪಿಂಡದ ತಲೆಯ ಮೇಲೆ ಟೋಪಿಯ ಹಾಗೆ ಒಂದು, ಮಿದುಳಿನ ಬುಡದಲ್ಲಿ ಬಟಾಣಿಯಷ್ಟು ಒಂದು. ಅಲ್ಲಿಂದ ರಸಗಳು ಹೊರಟು ಮೈತುಂಬ ಓಡಾಡಿ ಎದೆಗೆ ಬಡಿ ಅನ್ನುತ್ತವೆ, ಬೆವರಿಗೆ ಹರಿ ಅನ್ನುತ್ತವೆ. ಓದುತ್ತ ಓದುತ್ತ ಅವು ನನಗೆ ಕೈಯಲ್ಲಿ ಸಣ್ಣ ಕಂದೀಲು ಹಿಡಿದ ಗಿಡ್ಡ ಜನರಂತೆ ಕಾಣತೊಡಗಿದವು. ಅವರಲ್ಲಿ ಯಾರೋ ಒಬ್ಬ ತುಂಟ ತಪ್ಪು ಬಾಗಿಲು ತಟ್ಟುತ್ತಿದ್ದಾನೆ, ಅವನನ್ನು ಹಿಡಿದರೆ ಆಯಿತು. ಮುಟ್ಟಿನ ಹಿಂದಿನ ದಿನಗಳಲ್ಲಿ ನನಗೆ ಎಲ್ಲವೂ ಹೆಚ್ಚಾಗುತ್ತಿತ್ತು, ಅದು ಸಾಕ್ಷಿಯಲ್ಲವೇ? ಹಾರ್ಮೋನಾದರೆ ಹೆಸರಿರುತ್ತದೆ, ಗುಳಿಗೆ ಇರುತ್ತದೆ. ಮುಖ್ಯವಾಗಿ ಅದು ಸೋಮಾರಿತನ ಅಲ್ಲ. ಚಾಪೆಯ ಮೇಲೆ ಮಲಗಿ ನಾನು ದಿನವಿಡೀ ಆ ತುಂಟನನ್ನು ಬೆನ್ನಟ್ಟಿದೆ. ಮೈ ಅಲ್ಲಾಡದಿದ್ದರೂ ಒಳಗೆ ಒಂದು ಕ್ಷಣ ನಿಂತವಳಲ್ಲ.

ನಮ್ಮೂರಿನ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆ. ರೋಗಿಯನ್ನು ಮೊದಲು ಮಂಚದ ಮೇಲೆ ಮಲಗಿಸಿ ನಾಡಿ, ಎದೆ, ಹೊಟ್ಟೆ ಎಲ್ಲ ನೋಡುತ್ತಾರೆ. ಆಮೇಲೆ ರೋಗಿ ಇಳಿದು ನಿಂತು ತನ್ನ ಕಷ್ಟ ಹೇಳಬೇಕು. ನಿಂತು ಹೇಳಿದಷ್ಟನ್ನೇ ಡಾಕ್ಟರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನನಗೆ ಎರಡು ಮೂರು ವಾಕ್ಯದ ಮೇಲೆ ನಿಲ್ಲಲಾಗುತ್ತಿರಲಿಲ್ಲವಾದ್ದರಿಂದ ಮುಖ್ಯವಾದದ್ದನ್ನು ಮೊದಲು ಇಟ್ಟುಕೊಂಡಿದ್ದೆ: "ನನಗೆ ಹಾರ್ಮೋನಿನ ತೊಂದರೆ ಇದೆ. ಎದೆ ಹಾರುತ್ತೆ, ಬೆವರುತ್ತೆ, ತಲೆ ಸುತ್ತುತ್ತೆ. ಮುಟ್ಟಿನ ಮುಂಚೆ ಜಾಸ್ತಿ." ಅಷ್ಟಕ್ಕೆ ಕೂರುತ್ತಿದ್ದೆ. ನಿಂತಾಗ ಬರುತ್ತದೆ, ಮಲಗಿದರೆ ಹೋಗುತ್ತದೆ ಎನ್ನುವುದು ಬಾಲದಲ್ಲಿ ಉಳಿದಿರುತ್ತಿತ್ತು, ಅದನ್ನು ಕೂತೇ ಹೇಳುತ್ತಿದ್ದೆ. ಹೇಳದಿದ್ದರೂ ನಡೆಯುತ್ತದೆ ಎಂದೇ ನನ್ನ ಎಣಿಕೆ. ನಿಂತರೆ ಕಷ್ಟ ಎನ್ನುವುದನ್ನು ಈ ಊರಿನಲ್ಲಿ ರೋಗ ಎಂದು ಯಾರು ಹೇಳುತ್ತಾರೆ?

ಹಾರ್ಮೋನಿನ ಡಾಕ್ಟರು ಪಂಕಜಾಕ್ಷಿ, ದೊಡ್ಡ ಕನ್ನಡಕದ, ಬಿಗಿ ತುರುಬಿನ ಹೆಂಗಸು. ಪ್ರತಿ ಸಲವೂ ನನ್ನ ಮೂರು ವಾಕ್ಯ ಅವರಿಗೆ ಸರಿಯಾಗಿ ನೆನಪಿರುತ್ತಿತ್ತು. "ಹಾರ್ಮೋನಿನ ಹುಡುಗಿ ಬಂದ್ಲಾ? ಬಾಮ್ಮ" ಎಂದು ಹೊಸ ರಕ್ತಪರೀಕ್ಷೆ ಮಾಡಿಸುತ್ತಿದ್ದರು. ಕತ್ತಿನದು ಸರಿ, ಮೂತ್ರಪಿಂಡದ ಟೋಪಿಯದು ಸರಿ, ಬಟಾಣಿಯದೂ ಸರಿ. ಪ್ರತಿ ಸಲ 'ಸರಿ' ಎಂದು ಬಂದಾಗಲೂ ನಾನು ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ. ಅಮ್ಮನಿಗೆ ಅದು ಅರ್ಥವೇ ಆಗುತ್ತಿರಲಿಲ್ಲ. "ಎಲ್ಲಾ ಚೆನ್ನಾಗಿದೆ ಅಂದ್ರೆ ಅಳ್ತಾರೇನೇ? ಎಲ್ರೂ ಸಿಹಿ ಹಂಚ್ತಾರೆ."

ಕೊನೆಯ ಪರೀಕ್ಷೆಗೂ 'ಸರಿ' ಎಂದು ಬಂದ ದಿನ ಅಮ್ಮ ಎದ್ದು ನಿಂತಳು. ಕೆಲಸದ ನಡುವೆ ನಿಂತು ಏನಾದರೂ ಅನ್ನುವುದುಂಟು, ಆದರೆ ಅವಳು ಮನೆಯಲ್ಲಿ ಮಾತಿಗಾಗಿಯೇ ನಿಲ್ಲುವುದು ಅಪರೂಪ. ನನಗೆ ಭಯವಾಯಿತು.

"ಚಂಪಾ, ಇನ್ನೊಂದೇ ಸಲ. ಆ ಡಾಕ್ಟ್ರು ಈ ಸಲ ಏನೂ ಇಲ್ಲ ಅಂದ್ರೆ ಏನೂ ಇಲ್ಲ ಅಂತ್ಲೇ. ಆಮೇಲೆ ನೀನು ಎಲ್ರ ಹಾಗೆ ಎದ್ದು ಕೆಲಸಕ್ಕೆ ಹೋಗ್ಬೇಕು. ನಮ್ಮ ಶಾಲೇಲಿ ಒಂದು ಜಾಗ ಖಾಲಿ ಇದೆ, ಹೆಡ್‌ಮಿಸ್ಸಿಗೆ ಹೇಳ್ತೀನಿ."

ನಿಂತು ಹೇಳಿದ್ದು. ಯಾವ ಸಂಜೆಯೂ ಅದನ್ನು ಒಯ್ಯುವಂತಿರಲಿಲ್ಲ. ಶಾಲೆಯಲ್ಲಿ ನಿಂತು ಪಾಠ ಹೇಳುತ್ತಿರುವ ನನ್ನನ್ನು ಊಹಿಸಿಕೊಂಡೆ. ಮಕ್ಕಳು ಮರ್ಯಾದೆಯಿಂದ ಕಾಯುತ್ತಾರೆ, ನಾನು ಬೀಳುತ್ತೇನೆ, ವಾಕ್ಯ ಮುಗಿಯದ್ದರಿಂದ ಯಾರೂ ಮುಟ್ಟುವುದಿಲ್ಲ.

ಆ ವಾರವೆಲ್ಲ ಕೊನೆಯ ಮಾತಿಗೆ ತಯಾರಿ ಮಾಡಿಕೊಂಡೆ. ಮಲಗಿಕೊಂಡೇ ವಾಕ್ಯಗಳನ್ನು ಕತ್ತರಿಸಿದೆ, ಜೋಡಿಸಿದೆ, ಮತ್ತೆ ಕತ್ತರಿಸಿದೆ. ನನಗೆ ಬೇಕಿದ್ದದ್ದು ಇಷ್ಟೇ: ಒಬ್ಬರಲ್ಲಾದರೂ ನನ್ನ ರೋಗ ಪೂರ್ತಿಯಾಗಿ ಉಳಿಯಬೇಕು. ಮೊದಲರ್ಧ ಅಲ್ಲ, ಪೂರ್ತಿ.

ಆಸ್ಪತ್ರೆಗೆ ಅಮ್ಮನೂ ರಜೆ ಹಾಕಿ ಬಂದಳು. ಸರದಿ ಬರುವವರೆಗೆ ಅಲ್ಲಿನ ಮಂಚದ ಮೇಲೆ ಮಲಗಿದ್ದೆ. ಡಾಕ್ಟರು ಬಂದು ನನ್ನ ಮುಂಗೈ ಹಿಡಿದು, ಗಡಿಯಾರ ನೋಡಿ, "ಎಪ್ಪತ್ತು. ಎಷ್ಟು ಚೆನ್ನಾಗಿದೆ ನೋಡಿ, ಕೂಸಿನ ನಿದ್ದೆ ಇದ್ದ ಹಾಗೆ" ಎಂದು ಅಮ್ಮನಿಗೆ ಹೇಳಿದರು. ಅಮ್ಮ ನನ್ನನ್ನು ನೋಡಿದ ನೋಟದಲ್ಲಿ ಆಗಲೇ ಶಾಲೆಯ ಗಂಟೆ ಬಾರಿಸಿತ್ತು.

"ಈಗ ಹೇಳಮ್ಮ," ಅಂದರು ಡಾಕ್ಟರು.

ಎದ್ದು ನಿಂತೆ. ಅಳಿಲು ಎಚ್ಚೆತ್ತಿತು. "ನನಗೆ ಹಾರ್ಮೋನಿನ ತೊಂದರೆ..." ಎಂದು ಹಳೆಯ ವಾಕ್ಯದಿಂದಲೇ ಶುರು ಮಾಡಿದೆ, ಹೊಸದಾಗಿ ಕಟ್ಟಿದ್ದೆಲ್ಲ ಅದರ ಹಿಂದಿತ್ತು. ಡಾಕ್ಟರ ಮುಖದಲ್ಲಿ ಕೇಳಿ ಕೇಳಿ ಬಾಯಿಪಾಠವಾದ ಪದ್ಯ ಮತ್ತೆ ಕೇಳುವವರ ತಾಳ್ಮೆ ಇತ್ತು. ಬಾಗಿಲ ಹತ್ತಿರ ಅಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಕಿವಿಯಲ್ಲಿ ಗುಂಯ್ ಎಂದಿತು. ಎರಡನೆಯ ವಾಕ್ಯಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನನ್ನೊಳಗೆ ಸಿಟ್ಟೊಂದು ಎದ್ದಿತು. ಯಾರ ನಾಡಿಯನ್ನು ಹೊಗಳಿದರು ಇವರು? ಮಂಚದ ಮೇಲೆ ಮಲಗಿದ್ದ ಆ ಹುಡುಗಿಯದು. ಅವಳಿಗೆ ಏನೂ ಆಗಿಲ್ಲ, ನನಗೂ ಗೊತ್ತು. ಇಲ್ಲಿ ನಿಂತಿರುವವಳ ನಾಡಿಯನ್ನು ಈ ಊರಿನಲ್ಲಿ ಯಾರೂ, ಎಂದೂ, ಹಿಡಿದು ನೋಡಿಲ್ಲ. ಹಿಡಿಯುವಂತಿಲ್ಲ.

ಕೈ ಮುಂದೆ ಚಾಚಿದೆ. "ಹಿಡೀರಿ ಡಾಕ್ಟ್ರೇ."

ಅವರು ಹಿಂದಕ್ಕೆ ಸರಿದರು. "ಮಾತು ಮುಗಿಸಮ್ಮ ಮೊದ್ಲು."

"ಮುಗಿಯಲ್ಲ. ಹಿಡೀರಿ."

"ಚಂಪಾ!" ಅಮ್ಮ ಬಾಗಿಲಿನಿಂದ ಕೂಗಿದಳು. "ಹುಚ್ಚಾ ನಿಂಗೆ? ಮಾತು ಒಡೆಯುತ್ತೆ ಕಣೇ! ವಾರವೆಲ್ಲಾ ಕಟ್ಟಿದ್ದೀಯಾ."

"ಒಡೀಲಿ ಬಿಡಮ್ಮ."

ಎರಡು ವರ್ಷದಲ್ಲಿ ಇಷ್ಟು ಒಳ್ಳೆಯ ವಾಕ್ಯಗಳು ನನಗೆ ಸಿಕ್ಕಿರಲಿಲ್ಲ. ಡಾಕ್ಟರು ಅಮ್ಮನನ್ನು ನೋಡಿದರು, ನನ್ನ ಕೈಯನ್ನು ನೋಡಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯಂತೆ ನಡುಗುತ್ತಿದ್ದವು. ಕಳ್ಳತನಕ್ಕೆ ಕೈ ಹಾಕುವವರ ಹಾಗೆ ಒಮ್ಮೆ ಕಿಟಕಿಯ ಕಡೆ ತಿರುಗಿ ನೋಡಿ, ಅವರು ನನ್ನ ಮುಂಗೈ ಹಿಡಿದರು.

ಗಡಿಯಾರ ನೋಡಿದರು. ತುಟಿಗಳು ಎಣಿಸತೊಡಗಿ, ಹಿಂದೆ ಬಿದ್ದು, ಮತ್ತೆ ಎಣಿಸತೊಡಗಿದವು. ಕನ್ನಡಕ ಮೂಗಿನ ಮೇಲೆ ಜಾರಿದರೂ ಎತ್ತಿಕೊಳ್ಳಲಿಲ್ಲ.

"ನೂರ ಮೂವತ್ತು ದಾಟಿದೆ," ಅಂದರು. ಆ ಧ್ವನಿಯನ್ನು ನಾನು ಅವರಲ್ಲಿ ಕೇಳಿರಲಿಲ್ಲ. "ಈಗ ತಾನೇ ಎಪ್ಪತ್ತಿತ್ತಲ್ಲ. ಯಾವಾಗ್ಲೂ ಹೀಗೇನಾ? ನಿಂತಾಗೆಲ್ಲಾ?"

"ನಿಂತಾಗೆಲ್ಲಾ."

"ಮತ್ತೆ ಹೇಳ್ಬಾರದಾಗಿತ್ತಾ?"

ನಗು ಬಂತು. ನಗುತ್ತಲೇ ಕಣ್ಣು ಕತ್ತಲಿಟ್ಟಿತು. ಈ ಸಲ ಬೀಳಲಿಲ್ಲ, ಯಾಕೆಂದರೆ ಒಬ್ಬರು ಹಿಡಿದುಕೊಂಡಿದ್ದರು.

ನನ್ನನ್ನು ಮಲಗಿಸಿ, ಮತ್ತೆ ನಿಲ್ಲಿಸಿ, ಇನ್ನೊಮ್ಮೆ ನಾಡಿ ಹಿಡಿದು ನೋಡಿದ ಮೇಲೆ ಡಾಕ್ಟರು ಅಮ್ಮನ ಎದುರಿಗೆ ಹೋಗಿ ನೆಟ್ಟಗೆ ನಿಂತರು. "ಅಮ್ಮಾ, ಇದು ಉಳೀಬೇಕು ಅಂತ ನಿಂತು ಹೇಳ್ತಿದ್ದೀನಿ. ನಿಮ್ಮ ಮಗಳಿಗೆ ಹಾರ್ಮೋನ್ ಕೆಟ್ಟಿಲ್ಲ. ನಾವು ನಿಂತಾಗ ರಕ್ತ ಕಾಲಿಗೆ ಇಳಿಯುತ್ತೆ. ಅದನ್ನ ಮೇಲಕ್ಕೆ ತಳ್ಳೋಕೆ ಕೆಲವು ನರಗಳಿವೆ, ನಾವು ಹೇಳದೇ ಇದ್ರೂ ಕೆಲಸ ಮಾಡೋವು. ಈ ಹುಡುಗಿಗೆ ಅವು ಸರಿಯಾಗಿ ಮಾಡ್ತಿಲ್ಲ. ಅದಕ್ಕೆ ಹೃದಯ ಒಂದೇ ಓಡಾಡಿ ಎಲ್ಲಾ ಮಾಡ್ಬೇಕು. ಇದಕ್ಕೆ ಡಿಸ್‌ಆಟೊನೋಮಿಯಾ ಅಂತಾರೆ. ನಿಜವಾದ ಕಾಯಿಲೆ."

ನಾನು ಮಂಚದಿಂದಲೇ ಕೇಳಿದೆ, "ಮುಟ್ಟಿನ ಮುಂಚೆ ಜಾಸ್ತಿ ಆಗೋದು?"

"ಆ ದಿನಗಳಲ್ಲಿ ಹಾರ್ಮೋನು ಸ್ವಲ್ಪ ತುಪ್ಪ ಸುರಿಯುತ್ತೆ, ನಿಜ. ಬೆಂಕಿ ಹಚ್ಚಿದ್ದು ಅದಲ್ಲ."

"ಹಾಗಾದ್ರೆ ಗುಳಿಗೆ?"

ಅವರು ಮಂಚದ ಅಂಚಿಗೆ ಬಂದರು. ಹೃದಯದ ಓಟ ತಗ್ಗಿಸುವ ಮಾತ್ರೆಗಳಿವೆ, ಬೇಕಾದರೆ ಮುಂದೆ ನೋಡೋಣ, ಆದರೆ ಇದನ್ನು ಬೇರು ಸಮೇತ ಕೀಳುವ ಗುಳಿಗೆ ಇಲ್ಲ ಎಂದರು. ಕಂದೀಲು ಹಿಡಿದಿದ್ದ ನನ್ನ ಗಿಡ್ಡ ಜನ ಒಬ್ಬೊಬ್ಬರೇ ದೀಪ ಆರಿಸಿ ಹೊರಟುಹೋದರು. ಅವರಲ್ಲಿ ಯಾರೂ ತುಂಟರಿರಲಿಲ್ಲ. ಎರಡು ವರ್ಷ ಸುಮ್ಮನೆ ಅನುಮಾನಪಟ್ಟಿದ್ದೆ.

"ನೀರು ಜಾಸ್ತಿ ಕುಡೀಬೇಕು," ಡಾಕ್ಟರು ಹೇಳುತ್ತಿದ್ದರು. "ನಿಂಗೆ ರಕ್ತದೊತ್ತಡ ಇಲ್ಲ, ಹಾಗಾಗಿ ಉಪ್ಪು ಜಾಸ್ತಿ. ಮಲಗಿದ್ದವಳು ಒಂದೇ ಸಲ ಏಳ್ಬೇಡ. ನಿಲ್ಲಲೇಬೇಕು ಅಂದ್ರೆ ಏನಕ್ಕಾದ್ರೂ ಒರಗಿಕೊಂಡು, ಕಾಲನ್ನ ಹೀಗೆ ಒಂದಕ್ಕೊಂದು ಹೆಣೆದು ಬಿಗಿ ಹಿಡಿ." ತಾವೇ ಗೋಡೆಗೆ ಬೆನ್ನು ಕೊಟ್ಟು, ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಒಂದು ಕಾಲಿಗೆ ಇನ್ನೊಂದು ಕಾಲು ಹೆಣೆದು ತೋರಿಸಿದರು. "ಆಗಾಗ ಹಿಮ್ಮಡಿ ಎತ್ತಿ ಇಳಿಸು. ಮುಷ್ಟಿ ಬಿಗಿ ಮಾಡಿ ಬಿಡು."

ಅಮ್ಮನ ಹೆಗಲಿನಿಂದ ಚೀಲ ಕೆಳಗೆ ಬಿತ್ತು.

ಆಟೋದಲ್ಲಿ ಕೂತು ಆಡುವ ಮಾತಿಗೆ ಬೆಲೆಯಿರಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಮಲಗಿದೆ. ಕಿಟಕಿಯಲ್ಲಿ ಬಿಸಿಲು ಕೆಂಪಾಗುತ್ತ ಗೋಡೆ ಹತ್ತುತ್ತಿತ್ತು. ನಾನು ಅದನ್ನೇ ನೋಡುತ್ತ ಚಡಪಡಿಸಿದೆ. ನನ್ನ ಮಾತು ಒಡೆದಿದೆ, ಸಂಜೆಗೆ ಹೋಗುತ್ತದೆ. ಡಾಕ್ಟರು ಹೇಳಿದ್ದು ಉಳಿಯುತ್ತದೆ, ನಿಜ. ಕಾಯಿಲೆಯ ಹೆಸರು ಉಳಿಯುತ್ತದೆ, ಉಪ್ಪು, ನೀರು ಉಳಿಯುತ್ತವೆ. ಆದರೆ ಆ ಅಳಿಲು? ತಣ್ಣನೆಯ ಬೆವರು, ಗೋಧಿಯ ಸಾಲಿನಲ್ಲಿ ನೆಲ ಮೇಲೆದ್ದು ಬಂದದ್ದು, ಸ್ನಾನದ ಮನೆಯಲ್ಲಿ ಗೋಡೆ ಹಿಡಿದು ನಿಂತಾಗಿನ ಒಂಟಿತನ? ಅದನ್ನು ನಾನೇ ಹೇಳಬೇಕು. ಹೇಳಲು ನಿಲ್ಲಬೇಕು.

ಬಿಸಿಲು ಆರಿತು. ಅಮ್ಮ ದೀಪ ಹಚ್ಚಿದಳು. ಒಳಗಿನಿಂದ ಚೆಂಬಿನ ಸದ್ದು ಕೇಳಿಸಿತು. ಚೆಂಬು ತುಂಬ ನೀರು, ಇನ್ನೊಂದು ಕೈಯಲ್ಲಿ ಅಜ್ಜಿಯ ಹಳೆಯ ಉಪ್ಪಿನ ಡಬ್ಬಿ ಹಿಡಿದು ಬಂದು ನನ್ನ ತಲೆಯ ಹತ್ತಿರ ಇಟ್ಟಳು. ಅಜ್ಜಿ ಒರಗುತ್ತಿದ್ದ ಕಂಬದ ಕಡೆ ನೋಡಿದಳು.

"ಕಥೆ ನಡುವೆ ಕೂತ್ಬಿಟ್ರೆ ನಾನು ಜಗಳ ಆಡ್ತಿದ್ದೆ ಅವ್ವನ ಹತ್ರ," ಅಂದಳು. "ಬೇಕಂತ್ಲೇ ಸತಾಯಿಸ್ತೀಯಾ, ಇನ್ನೊಂಚೂರು ನಿಂತ್ರೆ ನಿನ್ ಗಂಟೇನು ಹೋಗುತ್ತೆ ಅಂತ. ಒಂದು ದಿನಾನೂ ಯಾಕೆ ಅಂತ ಕೇಳ್ಲಿಲ್ಲ. ಅವಳೇನಾದ್ರೂ ಹೇಳಿದ್ಲೋ ಏನೋ, ಕೂತ್ಕೊಂಡು."

ನಾನು ಚೆಂಬನ್ನು ಹತ್ತಿರಕ್ಕೆ ಎಳೆದುಕೊಂಡೆ.

"ಆಸ್ಪತ್ರೇಲಿ ನೀನು ಏನೋ ಹೇಳ್ದೆ. ಹೋಯ್ತು ಅದು. ನಿನ್ನ ಕೈ ನಡುಗಿದ್ದು ಮಾತ್ರ ಕಣ್ಣಲ್ಲಿದೆ." ಅಮ್ಮ ಕಂಬದ ಹತ್ತಿರ ಹೋಗಿ ನೆಟ್ಟಗೆ ನಿಂತಳು. ವರ್ಷಗಟ್ಟಲೆ ನಿಂತು ಬಾತಿದ್ದ ಕಾಲುಗಳನ್ನು ಜೋಡಿಸಿ, ತರಗತಿಯಲ್ಲಿ ನಿಲ್ಲುವ ಹಾಗೆ. "ಕೇಳು ಚಂಪಾ. ಇನ್ಮೇಲೆ ದಿನಾ ದೀಪ ಹಚ್ಚಿದ ಮೇಲೆ ಬಂದು ನಿನ್ನ ಹತ್ರ ಕೇಳ್ತೀನಿ, ಏನಾಗುತ್ತೆ, ಹೇಗಾಗುತ್ತೆ ಅಂತ. ನೀನು ಮಲಗಿಕೊಂಡೇ ಹೇಳು. ಈಗ ಹೇಳಿದ್ರೆ ನಾಳೆ ದೀಪ ಹಚ್ಚೋವರೆಗೂ ಇರುತ್ತೆ ನನ್ನ ಹತ್ರ. ಹೋದ್ರೆ ಹೋಗ್ಲಿ, ಮತ್ತೆ ಕೇಳ್ತೀನಿ. ಶಾಲೆ ಕೆಲಸದ ಮಾತು ವಾಪಸ್ ತಗೊಂಡಿದ್ದೀನಿ."

ಯಾರೂ ಅವಳನ್ನು ಮುಟ್ಟಲಿಲ್ಲ. ಮಾತು ಪೂರ್ತಿಯಾಗಿ ಉಳಿಯಿತು.

ಆಮೇಲೆ ಅವಳು ಬಂದು ನನ್ನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ ಕಾಲು ಚಾಚಿ ಮಲಗಿದಳು. ಅಮ್ಮ ಆ ಹೊತ್ತಿನಲ್ಲಿ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಉಪ್ಪಿನ ಹರಳೊಂದನ್ನು ನನ್ನ ಬಾಯಿಗಿಟ್ಟು, ಒಂದನ್ನು ತಾನೂ ಇಟ್ಟುಕೊಂಡು, ಸೂರು ನೋಡುತ್ತ ಮಲಗಿದ್ದಳು. ನಾನು ಹೇಳತೊಡಗಿದೆ. ಜ್ವರದಿಂದ ಶುರು ಮಾಡಿ, ಅಳಿಲು, ಬೆವರು, ಗೋಧಿಯ ಸಾಲು, ಯಾವುದನ್ನೂ ಕತ್ತರಿಸದೆ, ಯಾವುದನ್ನೂ ಮೊದಲಿಗೆ ತಳ್ಳದೆ. ಅವಳು ಪ್ರತಿಯೊಂದಕ್ಕೂ ಹೂಂಗುಟ್ಟಿದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಅದಿರಲಿ, ಆಮೆ ಏನಂತೇ? ಅವ್ವ ನಂಗೂ ಅಲ್ಲಿಗೇ ನಿಲ್ಲಿಸಿದ್ಲು."

"ನಂಗೂ ಗೊತ್ತಿಲ್ಲಮ್ಮ."

"ಗೊತ್ತಿಲ್ದಿದ್ರೆ ಏನೀಗ, ಹೇಳು. ಹೇಗಿದ್ರೂ ನಾಳೆ ಸಂಜೆ ಮರೀತೀನಿ. ನಾಡಿದ್ದು ಬೇರೆ ಹೇಳುವಿಯಂತೆ."

ಉಪ್ಪು ನಾಲಗೆಯ ಮೇಲೆ ಕರಗುತ್ತಿತ್ತು. ಎದೆಯೊಳಗೆ ಅಳಿಲು ಬಾಲ ಸುತ್ತಿಕೊಂಡು ಮಲಗಿತ್ತು. ನಾನು ಕಣ್ಣು ಮುಚ್ಚಿ, ಆಮೆಯ ಬಾಯಿ ತೆರೆದೆ.